ಕೆರೆಯಂಗಳದಲ್ಲಿ ಹೂತ ಹಸು

ನನ್ನ ತಮ್ಮ ದನದ ಡಾಕ್ಟರಾಗಿದ್ದ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷ ಇಬ್ಬರಲ್ಲಿ ಒಬ್ಬರು ನೇಗಿಲು ಹಿಡಿಯಬೇಕಾಗಿತ್ತು. ದೊಡ್ಡವನು ನಾನಾದ್ದರಿಂದ ನಾನು ಹಿಡಿದೆ. ಇದನ್ನು ಮೊದಲೇ ಹೇಳುತ್ತಿರುವುದು ಹೊಗಳಿಸಿಕೊಳ್ಳುವುದಕ್ಕೆ ಅಲ್ಲ. ಮುಂದೆ ನಾನು ಮಾಡಿದ ತಪ್ಪಿನ ಬೇರು ಅಲ್ಲೇ ಇದೆ ಅಂತ ನನಗೆ ಕಾಣುತ್ತದೆ. ಅವನು ಓದಿದ, ನಾನು ಓದಿಸಿದೆ. ಹಾಗಾಗಿ ಅವನ ಮಾತಿಗಿಂತ ನನ್ನ ಮಾತು ಒಂದು ಗೇಣು ಮೇಲಿರಬೇಕು ಎಂಬ ಗರ್ವ ನನ್ನೊಳಗೆ ಸದ್ದಿಲ್ಲದೆ ಬೆಳೆದಿತ್ತು.

ನಮ್ಮೂರಿಗೆ ದಕ್ಷಿಣಕ್ಕೆ ಮುಳಬಾಗಿಲು, ಉತ್ತರಕ್ಕೆ ಶ್ರೀನಿವಾಸಪುರ. ಹೊಳೆಯಿಲ್ಲದ ಸೀಮೆ. ಕೆರೆ ತುಂಬಿದರೆ ಭತ್ತ, ಇಲ್ಲದಿದ್ದರೆ ರಾಗಿ, ಹುರುಳಿ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ತಳದ ಮಣ್ಣನ್ನು ಗಾಡಿಗಳಲ್ಲಿ ಹೇರಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದೆವು. ಗೋಡು ಅನ್ನುತ್ತೇವೆ ಅದನ್ನು. ಒಂದು ಸಲ ಗೋಡು ಹೊಡೆದರೆ ಮೂರು ಬೆಳೆ ಆ ಹೊಲ ನಗುತ್ತಿರುತ್ತದೆ. ಅದರ ಮೇಲೆ ಗಡಿಯ ಕಡೆಯಿಂದ ಬರುವ ಕುರುಬರ ಮಂದೆಯನ್ನು ನಾಲ್ಕಾರು ದಿನ ಹೊಲದಲ್ಲಿ ನಿಲ್ಲಿಸಿಕೊಂಡರೆ, ಹಿಕ್ಕೆ ಗಂಜಳ ಬಿದ್ದು, ಅದಕ್ಕಿಂತ ದೊಡ್ಡ ಗೊಬ್ಬರ ಇಲ್ಲ. ಮುತುವರ್ಜಿಯಿಂದ ಬೇಸಾಯ ಮಾಡುವವರು ಎರಡನ್ನೂ ಮಾಡುತ್ತಿದ್ದರು. ಈ ಮಾತು ನೆನಪಿರಲಿ. ನನ್ನ ತಮ್ಮ ದಾರಿ ತಪ್ಪಿದ್ದು ಇಲ್ಲಿಯೇ.

ಎರಡನೇ ಮಹಾಯುದ್ಧ ಶುರುವಾಗಿ ಒಂದೆರಡು ವರ್ಷ ಆಗಿದ್ದಿರಬೇಕು. ಒಂದು ಬೇಸಿಗೆಯಲ್ಲಿ ನಮ್ಮ ಹಸು ಸತ್ತಿತು. ಬೆಳಿಗ್ಗೆ ಹುಲ್ಲು ತಿಂದು ಕರುವಿಗೆ ಹಾಲು ಕೊಟ್ಟ ಹಸು ಮಧ್ಯಾಹ್ನಕ್ಕೆ ನಡುಗತೊಡಗಿ, ಹೊತ್ತು ಮುಳುಗುವುದರೊಳಗೆ ಕಾಲು ಚಾಚಿತು. ಹೊಟ್ಟೆ ಉಬ್ಬಿಕೊಂಡಿತು. ಮೂಗಿನಿಂದ ಕರಿಯ ರಕ್ತ ಸುರಿದು, ಎಷ್ಟು ಹೊತ್ತಾದರೂ ಹೆಪ್ಪುಗಟ್ಟದೆ ತೆಳ್ಳಗೇ ಇತ್ತು. ತಮ್ಮ ಆಗ ಶ್ರೀನಿವಾಸಪುರದ ದನದ ಆಸ್ಪತ್ರೆಯಲ್ಲಿದ್ದ. ಹೇಳಿ ಕಳಿಸಿದ್ದಕ್ಕೆ ಮಾರನೆಯ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದ. ಹಸುವಿನ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಎರಡು ಗಾಜಿನ ಚೂರಿನ ಮೇಲೆ ಸವರಿ ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿಕೊಂಡ. ಮೂಗಿಗೆ ಫಿನಾಯಿಲು ಅದ್ದಿದ ಹತ್ತಿ ತುರುಕಿದ. ಊರವರು ಸುತ್ತ ನಿಂತಿದ್ದರು.

"ಅಣ್ಣ, ಇದು ನೆರಡಿ ಇದ್ದಂಗಿದೆ. ಕುಯ್ಯೋ ಹಂಗಿಲ್ಲ, ಚರ್ಮ ಸುಲಿಯೋ ಹಂಗಿಲ್ಲ. ಗುಡ್ಡದ ಮಗ್ಗುಲಲ್ಲಿ, ಕಲ್ಲುನೆಲದಲ್ಲಿ, ಆರಡಿ ತೋಡಿ ಸುಣ್ಣ ಸುರಿದು ಹೂಳಿಸ್ಬೇಕು. ನೀನೇ ನಿಂತು ಮಾಡಿಸು" ಎಂದ.

ನೆರಡಿ ರೋಗ ನಮಗೆ ಹೊಸದಲ್ಲ, ಹೆಸರು ಕೇಳಿದ್ದೆವು. ಇಂಗ್ಲಿಷಿನಲ್ಲಿ ಆಂತ್ರಾಕ್ಸ್ ಅಂತಾರಂತೆ. ಹೊಸದಾಗಿದ್ದದ್ದು ಹೂಳುವುದು. ಊರಿನಲ್ಲಿ ಸತ್ತ ದನ ಕೇರಿಯವರಿಗೆ ಸೇರಬೇಕಾದದ್ದು. ಚರ್ಮ ಹದ ಮಾಡಿ, ಕಪಿಲೆ ಬಾವಿಯಿಂದ ನೀರೆತ್ತುವ ಚರ್ಮದ ಚೀಲ, ಮಿಣಿಹಗ್ಗ, ಎಕ್ಕಡ ಎಲ್ಲ ಅವರೇ ಮಾಡಿಕೊಡುತ್ತಿದ್ದರು. ನಮ್ಮ ಕಪಿಲೆಯ ಚೀಲ ಹೊಲಿದುಕೊಟ್ಟಿದ್ದ ಕೇರಿಯ ಮುದುಕನೇ ಹಸು ಒಯ್ಯಲು ಬಂದು ನಿಂತಿದ್ದ. ಅವನಿಗೆ ಇಲ್ಲ ಅನ್ನಬೇಕಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಹಿಂದಿನಿಂದ, ತಮ್ಮ ಬಂದು ಅಣ್ಣನಿಗೆ ಗುಂಡಿ ತೋಡೋದು ಕಲಿಸ್ತವ್ನೆ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಹೊಕ್ಕು ಕೂತಿತು.

ತಮ್ಮ ಗಾಜಿನ ಚೂರುಗಳನ್ನು ತೆಗೆದುಕೊಂಡು ಹೊರಟುಹೋದ. ನಾನು ಮುದುಕನನ್ನೂ ಅವನ ಅಳಿಯನನ್ನೂ ಕರೆದುಕೊಂಡು ಗುಡ್ಡದ ಮಗ್ಗುಲಿಗೆ ಹೋದೆ. ಬೇಸಿಗೆಯ ನೆಲ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಬಿಸಿಲೇರುವವರೆಗೆ ಮೂವರೂ ತೋಡಿದರೂ ಮೊಣಕಾಲು ಮುಳುಗುವಷ್ಟು ಆಗಲಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದವು. ಆಫೀಸಿನಲ್ಲಿ ಕೂತವನಿಗೆ ಆರಡಿ ಅನ್ನುವುದು ಬಾಯಿಮಾತು ಅಂತ ಬೈದುಕೊಂಡೆ. ಕೊನೆಗೆ ಹಾರೆ ಎಸೆದು, ಕೆರೆಯಂಗಳದಲ್ಲಿ ಕೋಡಿಯ ಕಡೆಯ ಅಂಚಿನಲ್ಲಿ ಮಣ್ಣು ಮೆತ್ತಗಿದೆ, ಅಲ್ಲಿಗೆ ಎಳೆಯಿರಿ ಎಂದೆ.

ಮುದುಕ ಕದಲಲಿಲ್ಲ. "ಗೌಡ್ರೇ, ಅಲ್ಲಿ ಬ್ಯಾಡ. ಗೋಡು ತೆಗೀತಾರೆ" ಎಂದ.

"ಆ ಅಂಚಿಗೆ ಯಾವನು ಬರ್ತಾನೆ? ಎಲ್ಲಾ ತೂಬಿನ ಕಡೇನೇ ತೆಗೆಯೋದು. ನೀನೂ ನಂಗೆ ಹೇಳೋಕ್ ಬಂದ್ಯಾ?"

ಅವನು ಹಾರೆ ಎತ್ತಿಕೊಂಡ. ಮೂರಡಿ ತೋಡಿದೆವು. ಹಸುವಿನ ಕಾಲು ಮಡಚಿ ತಳ್ಳಿದೆವು. ಸುಣ್ಣ ಅರ್ಧ ಬುಟ್ಟಿ ಸುರಿದೆ. ಉಳಿದದ್ದನ್ನು ಮನೆಗೆ ತಂದಾಗ ನನ್ನ ಹೆಂಡತಿ ಕೊಟ್ಟಿಗೆಯ ಗೋಡೆಗೆ ಬಳಿದಳು.

ವಾರದ ಮೇಲೆ ಆ ಕಡೆ ಹೋದಾಗ ಗುಂಡಿ ಕೆದರಿತ್ತು. ನರಿಯೋ ನಾಯಿಯೋ ಗೊತ್ತಿಲ್ಲ, ಹಸುವಿನ ಹೊಟ್ಟೆಯ ಭಾಗ ಹೊರಕ್ಕೆ ಎಳೆದು ಹರಿದಿದ್ದವು. ಕಪ್ಪು ನೀರು ಮಣ್ಣಿಗೆ ಇಳಿದಿತ್ತು. ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಗುದ್ದಲಿ ತಂದು ಮಣ್ಣು ಮುಚ್ಚಿ, ಮೇಲೆ ಜಾಲಿ ಮುಳ್ಳು ಎಳೆದು ಹಾಕಿ ಮನೆಗೆ ಬಂದೆ. ಅದೇ ವಾರ ತಮ್ಮನ ಕಾಗದ ಬಂತು. ಗಾಜಿನಲ್ಲಿ ಕಂಡದ್ದು ನೆರಡಿಯೇ, ಹೇಳಿದಂತೆ ಹೂಳಿಸಿದ್ದೀಯಲ್ಲ ಅಂತ ಕೇಳಿದ್ದ. ಹೂಳಿಸಿದ್ದೇನೆ ಅಂತ, ಯಾರ ಕೈಲೂ ಬರೆಸದೆ, ನಾನೇ ನನ್ನ ಕೈಬರಹದಲ್ಲಿ ಬರೆದೆ.

ಆ ವರ್ಷ ಮಳೆ ಕೈಕೊಟ್ಟಿತು. ಕೆರೆಗೆ ಒಂದು ಮೊಳವೂ ನೀರು ಬರಲಿಲ್ಲ. ಮುಂದಿನ ಬೇಸಿಗೆಗೆ ತೂಬಿನ ಕಡೆಯ ಗೋಡು ಎಲ್ಲ ಮುಗಿದು, ಗಾಡಿಗಳು ಕೋಡಿಯ ಕಡೆಗೆ ತಿರುಗಿದವು. ಒಂದು ಬೆಳಿಗ್ಗೆ ನಾನು ಕೆರೆಯ ಏರಿಯ ಮೇಲೆ ನಿಂತು ನೋಡಿದೆ. ನಾಲ್ಕೈದು ಗಾಡಿ ಅದೇ ಜಾಗದಲ್ಲಿ ನಿಂತಿದ್ದವು. ಇಳಿದು ಹೋಗಿ, ಇಲ್ಲಿ ಮರಳು ಜಾಸ್ತಿ, ಒಳ್ಳೆ ಗೋಡಲ್ಲ ಎಂದೆ. ನಮ್ಮ ಬೀದಿಯ ಮೇಲಿನ ಮನೆಯವನು ಒಂದು ಹಿಡಿ ತೆಗೆದು ನನ್ನ ಮುಂದೆ ಹಿಡಿದ. ಕಾಡಿಗೆಯಂತೆ ಕಪ್ಪಗಿತ್ತು. ಇಂಥ ಮಣ್ಣನ್ನು ಬೇಡ ಅನ್ನುತ್ತೀಯಲ್ಲ, ನೀನೇ ಮುಚ್ಚಿಟ್ಟುಕೊಂಡಿದ್ದೆಯಾ ಅಂತ ನಕ್ಕ. ಯಾರೋ ಒಂದು ಮೂಳೆ ಎತ್ತಿ ದೂರಕ್ಕೆ ಎಸೆದರು. ಕೆರೆಯಲ್ಲಿ ಮೂಳೆ ಸಿಗುವುದು ವಿಶೇಷವೇನಲ್ಲ. ಆಗ ಬಾಯಿ ತೆರೆದಿದ್ದರೆ ಗೋಡು ಅಲ್ಲೇ ಬಿದ್ದಿರುತ್ತಿತ್ತು. ತಮ್ಮನ ಮಾತು ಮೀರಿದೆ ಅನ್ನುವುದು ಊರಿಗೆಲ್ಲ ಗೊತ್ತಾಗುತ್ತಿತ್ತು, ಅಷ್ಟೆ. ನಾನು ಗಾಡಿಗಳಿಗೆ ದಾರಿ ಬಿಟ್ಟು ನಿಂತೆ.

ನಮ್ಮ ಹೊಲಕ್ಕೆ ಮಾತ್ರ ಆ ವರ್ಷ ನಾನು ಗೋಡು ಹೊಡೆಯಲಿಲ್ಲ. ಗೋಡಿಲ್ಲದ ಹೊಲಕ್ಕೆ ಏನು ಮಂದೆ ಅಂತ ಕುರುಬರನ್ನೂ ಕರೆಯಲಿಲ್ಲ. ಎತ್ತಿಗೆ ಮೈ ಸರಿಯಿಲ್ಲ ಅಂತ ಮನೆಯಲ್ಲಿ ಹೇಳಿದೆ. ಗೋಡು ಹೊಡೆಸಿದವರೆಲ್ಲ ಎಂದಿನಂತೆ ಮಂದೆ ಕರೆಸಿದರು. ಗಡಿಯ ಕಡೆಯಿಂದ ಬರುತ್ತಿದ್ದ ಒಬ್ಬ ಕುರುಬ, ಅವನ ಹೆಂಡತಿ. ಮಾತು ಅರ್ಧ ತೆಲುಗು. ಬಹಳ ವರ್ಷಗಳಿಂದ ನಮ್ಮೂರಿಗೆ ಅವರದೇ ಮಂದೆ. ಹೊಲದಿಂದ ಹೊಲಕ್ಕೆ ನಿಂತು, ಮಳೆಗೆ ಮೊದಲು ಶ್ರೀನಿವಾಸಪುರದ ರಸ್ತೆ ಹಿಡಿದರು.

ಮೊದಲ ಮಳೆ ಬಿತ್ತು. ಹೊಲದ ಬದುಗಳಲ್ಲಿ ಹಸಿರು ಚಿಗುರಿತು. ಬೇಸಿಗೆಯೆಲ್ಲ ಒಣ ಹುಲ್ಲು ತಿಂದ ದನಕುರಿಗಳು ಮಣ್ಣಿನ ಸಮೇತ ಆ ಚಿಗುರನ್ನು ಕಿತ್ತು ತಿಂದವು. ಹತ್ತು ದಿನದೊಳಗೆ ಸಾವು ಶುರುವಾಯಿತು. ಮೇಲಿನ ಮನೆಯ ಒಂದು ಜೊತೆ ಎತ್ತು, ಅವರ ಪಕ್ಕದವರ ಕುರಿಗಳು, ಆಮೇಲೆ ಒಂದು ಎಮ್ಮೆ. ಎಲ್ಲದರ ಮೂಗಿನಲ್ಲೂ ಅದೇ ಕರಿಯ ರಕ್ತ.

ತಮ್ಮ ಪೆಟ್ಟಿಗೆ ಕಟ್ಟಿಕೊಂಡು ಬಂದು ನಮ್ಮ ಮನೆಯಲ್ಲೇ ಉಳಿದ. ಉಳಿದ ಜಾನುವಾರಿಗೆಲ್ಲ ಸೂಜಿ ಹಾಕಿದ. ಅಷ್ಟಕ್ಕೇ ಅವನು ಸುಮ್ಮನಾಗುವವನಲ್ಲ. ಎಲ್ಲಿಂದ ಬಂತು ಅನ್ನುವುದು ಅವನಿಗೆ ಬೇಕಾಗಿತ್ತು. ಜಗಲಿಯ ಕಿಟಕಿಯ ಬಳಿ ಮೈಕ್ರೋಸ್ಕೋಪು ಇಟ್ಟ. ರಕ್ತ ಸವರಿದ ಗಾಜನ್ನು ದೀಪದ ಮೇಲೆ ಹಾಯಿಸಿ, ನೀಲಿ ಬಣ್ಣ ಹಾಕಿ ತೊಳೆದು, ಕಣ್ಣಿಟ್ಟು ನೋಡುತ್ತಿದ್ದ. ಒಂದು ದಿನ ನನ್ನನ್ನೂ ಕರೆದು ನೋಡಿಸಿದ. ಮೊದಲು ನನ್ನ ಕಣ್ಣಿನ ರೆಪ್ಪೆಯೇ ಕಂಡಿತು. ಆಮೇಲೆ ನೀಲಿಯ ಕಡ್ಡಿಗಳು, ಬಿದಿರಿನ ಗೆಣ್ಣಿನಂತೆ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿದ್ದವು. ಅಲುಗಾಡುತ್ತಿರಲಿಲ್ಲ. ಇಷ್ಟೇನಾ, ಇವು ಒಂದು ಎತ್ತನ್ನು ಕೆಡವುತ್ತವಾ ಅಂತ ಕೇಳಿದೆ.

ಅವನು ಹೇಳಿದ್ದು ನನಗೆ ಇವತ್ತಿಗೂ ಒಂದೊಂದು ಮಾತೂ ನೆನಪಿದೆ. ಮೈಯೊಳಗೆ ಇರುವ ತನಕ ಈ ಕಡ್ಡಿಗಳು ಹೆಣದ ಜೊತೆಗೇ ಕೊಳೆತು ಸಾಯುತ್ತವಂತೆ. ಹೆಣ ಹರಿದು ರಕ್ತಕ್ಕೆ ಗಾಳಿ ತಗುಲಿತೋ, ಅವು ಬೀಜವಾಗಿ ಮಣ್ಣು ಸೇರುತ್ತವೆ. "ರಾಗಿ ಬೀಜ ಎರಡು ವರ್ಷ ಇಟ್ರೆ ಮೊಳಕೆ ಬರೋದು ಕಷ್ಟ ಅಣ್ಣ. ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮಲಗಿರುತ್ತೆ, ಸಾಯಲ್ಲ. ಅದಕ್ಕೇ ನಾನು ಆವತ್ತು ಕುಯ್ಯಬೇಡಿ ಅಂದಿದ್ದು."

ಕೆದರಿದ ಗುಂಡಿ, ಹರಿದ ಹೊಟ್ಟೆ, ಆ ಕಪ್ಪು ಮಣ್ಣು ಕಣ್ಣ ಮುಂದೆ ಬಂತು. ಆ ಹೊತ್ತಿನ ತನಕ ನನ್ನದು ಬರೀ ಅನುಮಾನ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇನ್ನು ಅದೂ ಇಲ್ಲ.

ಅಲ್ಲಿಂದ ಮೂರು ವಾರ ನಾನು ಅವನ ಪೆಟ್ಟಿಗೆ ಹೊತ್ತು ಊರು ಸುತ್ತಿದೆ. ಅವನು ಕುಂಟೆಯ ನೀರು ಬಾಟಲಿಗೆ ತುಂಬಿದ. ಹುಲ್ಲಿನ ಬಣವೆಯಿಂದ ಹುಲ್ಲು, ಗೋದಲಿಯಿಂದ ಹಿಂಡಿ, ದಾರಿಯ ಮಣ್ಣು, ಸತ್ತ ಜಾನುವಾರು ಬಿದ್ದ ಜಾಗದ ಮಣ್ಣು, ಎಲ್ಲವನ್ನೂ ಬೇರೆ ಬೇರೆ ಕಟ್ಟಿ ಚೀಟಿ ಅಂಟಿಸಿ ಬೆಂಗಳೂರಿನ ಪರೀಕ್ಷಾಲಯಕ್ಕೆ ಕಳಿಸಿದ. ಅಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, ಕಾಯಿಸಿ, ಸೀಮೆ ಇಲಿಗಳಿಗೆ ಚುಚ್ಚಿ ನೋಡುತ್ತಾರಂತೆ. ಸತ್ತ ಜಾಗದ ಮಣ್ಣಿನಲ್ಲಿ ರೋಗ ಇತ್ತು. ಆದರೆ ಸತ್ತ ಮೇಲೆ ಬಂದದ್ದೋ, ಮೊದಲೇ ಇದ್ದದ್ದೋ ಅಂತ ಅದರಿಂದ ತಿಳಿಯುವ ಹಾಗಿರಲಿಲ್ಲ. ಕೆರೆಯಂಗಳದ ಕೋಡಿಯಂಚನ್ನು ದಾಟಿ ನಾವು ಎಷ್ಟೋ ಸಲ ನಡೆದೆವು. ಪ್ರತಿ ಸಲವೂ ನಾನು ಮುಂದೆ ಹೋಗಿಬಿಡುತ್ತಿದ್ದೆ, ಅವನೂ ಬೇಗ ಬರಲಿ ಅಂತ. ಗೋಡು ಹೇರಿದ ಗಾಡಿಗಳ ಜಾಡು ಹಾಗೇ ಇತ್ತು. ಅವನು ಹೊಲ ನೋಡಿದ, ನೀರು ನೋಡಿದ, ಹುಲ್ಲು ನೋಡಿದ. ಕೆರೆಯ ಮಣ್ಣು ಅಷ್ಟು ದೂರ ನಡೆದು ಬರುತ್ತದೆ ಅಂತ ಅವನಿಗೆ ಹೊಳೆಯಲಿಲ್ಲ. ಚಿಕ್ಕಂದಿನಿಂದ ಪುಸ್ತಕ ಹಿಡಿದವನು, ಗೋಡು ಹೊಡೆದವನಲ್ಲ.

ಈ ಮಧ್ಯೆ ಒಂದು ದಿನ ಕೇರಿಯ ಮುದುಕ ಹಿತ್ತಿಲ ಬಾಗಿಲಿಗೆ ಬಂದ. ಮಾತು ತಗ್ಗಿಸಿ, "ಗೌಡ್ರೇ, ನೀವೇ ಹೇಳ್ಬುಡಿ. ನಾ ಹೇಳಿದ್ರೆ, ಚರ್ಮದಾಸೆಗೆ ಇವ್ನೇ ಇಸ ಹಾಕ್ದ ಅಂತ ನನ್ ತಲೆ ಮ್ಯಾಲ್ ಕಟ್ತಾರೆ" ಎಂದ. ಅದು ಸುಳ್ಳಲ್ಲ. ದನ ಸಾಲಾಗಿ ಸತ್ತಾಗಲೆಲ್ಲ ಅಂಥ ಮಾತು ಕೇರಿಯ ಕಡೆಗೆ ತಿರುಗುತ್ತಿತ್ತು. ಆಗಲೇ ಒಬ್ಬಿಬ್ಬರು ಗೊಣಗಲು ಶುರು ಮಾಡಿದ್ದರು. ಹೇಳುತ್ತೇನೆ ಹೋಗು ಎಂದು ಕಳಿಸಿದೆ. ಅವನು ಹೋಗುವಾಗ ನನಗೆ ಕೈ ಮುಗಿದ. ಅದಕ್ಕೆ ನಾನು ತಕ್ಕವನಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ತಮ್ಮ ಜಗಲಿಯ ಮೇಲೆ ಒಂದು ಕಂದು ಕಾಗದ ಹಾಸಿಕೊಂಡು ಕೂತಿದ್ದ. ಊರಿನ ಹೊಲಗಳನ್ನು ಅದರ ಮೇಲೆ ಬರೆದು, ಜಾನುವಾರು ಸತ್ತ ಹೊಲಗಳಿಗೆ ಕೆಂಪು ಚುಕ್ಕಿ ಇಟ್ಟಿದ್ದ. ಹೇಳಿಬಿಡೋಣ ಅಂತಲೇ ನಾನು ಅವನ ಪಕ್ಕ ಕೂತೆ.

"ಅಣ್ಣ, ನೋಡು. ಚುಕ್ಕಿ ಇರೋ ಹೊಲದಲ್ಲೆಲ್ಲಾ ಈ ಸಲ ಮಂದೆ ನಿಂತಿತ್ತು. ಮಂದೆ ನಿಲ್ಲದ ಹೊಲದಲ್ಲಿ ಒಂದೂ ಇಲ್ಲ. ಬೇರೆ ಏನಾದ್ರೂ ಇದೆಯಾ ಇವಕ್ಕೆಲ್ಲಾ ಸೇರಿದ್ದು? ನಿನಗೆ ಗೊತ್ತಿರೋ ಅಷ್ಟು ಈ ಹೊಲಗಳು ನನಗೆ ಗೊತ್ತಿಲ್ಲ."

ಅವನು ನಿಜವಾಗಿಯೂ ಕೇಳುತ್ತಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ. ಅವನು ದೊಡ್ಡವನಾದ ಮೇಲೆ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಏನೂ ಇಲ್ಲ" ಎಂದೆ.

"ನಮ್ಮ ಹಸು ಹೂತ ಜಾಗದ ಹತ್ರ ಯಾವುದಾದ್ರೂ ಹೊಲ ಬರುತ್ತಾ? ಗುಡ್ಡದ ಮಗ್ಗುಲು ತಾನೆ?"

"ಹೂಂ. ಅಲ್ಲೇ."

ಅವನು ಸೀಸದ ಕಡ್ಡಿಯಿಂದ ಗುಡ್ಡದ ಮಗ್ಗುಲಲ್ಲಿ ಒಂದು ಗುರುತು ಹಾಕಿ, ಇಷ್ಟು ದೂರ ಇದೆ, ಅಲ್ಲಿಂದ ಬರೋಕೆ ಸಾಧ್ಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಎರಡು ದಿನದ ಮೇಲೆ ಅಶ್ವತ್ಥಕಟ್ಟೆಯ ಬಳಿ ಊರವರನ್ನು ಸೇರಿಸಿ, ರೋಗ ಮಂದೆಯ ಜೊತೆ ಬಂದಿರಬಹುದು ಎಂದ. ಇರಬಹುದು ಅಂತಲೇ ಅವನು ಹೇಳಿದ್ದು. ಊರವರ ಕಿವಿಗೆ ಆ ಭಾಗ ಬೀಳಲಿಲ್ಲ. ಆಮೇಲೆ ಅವನು ನನ್ನ ಕಡೆ ಕೈ ತೋರಿಸಿ, ನಮ್ಮಣ್ಣ ಈ ವರ್ಷ ಮಂದೆ ಹಾಕಿಸಲಿಲ್ಲ, ನಮ್ಮ ಕೊಟ್ಟಿಗೆಯಲ್ಲಿ ಒಂದೂ ಸಾಯಲಿಲ್ಲ ನೋಡಿ ಅಂತ ಹೇಳಿದ. ಎಲ್ಲರೂ ನನ್ನನ್ನು ನೋಡಿದರು. ಮೇಲಿನ ಮನೆಯವನು, ಓದದೇ ಇದ್ರೂ ಅಣ್ಣನಿಗೇ ಬುದ್ಧಿ ಜಾಸ್ತಿ ಕಣಪ್ಪ ಎಂದ. ಅವನ ಎತ್ತಿನ ಜೊತೆ ಸತ್ತು ಒಂದು ತಿಂಗಳೂ ಆಗಿರಲಿಲ್ಲ. ನಾನು ನೆಲ ನೋಡುತ್ತಾ ಕೂತಿದ್ದೆ. ವಿನಯ ಅಂದುಕೊಂಡರು.

ಕುರುಬರ ಮಂದೆಯನ್ನು ಶ್ರೀನಿವಾಸಪುರದ ರಸ್ತೆಯಲ್ಲಿ ತಡೆದು, ಒಂದು ಗೋಮಾಳದಲ್ಲಿ ಕೂಡಿ ಹಾಕಿದರು. ಬಂಡೆಗಳ ನಡುವೆ ಮುಳ್ಳುಬೇಲಿ. ಯಾವ ಕೆರೆಗೂ ಇಳಿಸುವಂತಿಲ್ಲ, ಯಾವ ಹೊಲಕ್ಕೂ ಬಿಡುವಂತಿಲ್ಲ. ನಮ್ಮೂರ ಕೆರೆಯ ಮೇಲೆ ಇನ್ನು ಮುಂದೆ ಯಾವ ಮಂದೆಯೂ ಬರಕೂಡದು ಅಂತ ತಮಟೆ ಹೊಡೆಸಿದರು. ನಲವತ್ತು ದಿನ ಅವು ಅಲ್ಲಿದ್ದವು. ಬಿಂದಿಗೆಯಲ್ಲಿ ನೀರು ಹೊತ್ತು ಎಷ್ಟು ಕುರಿಗೆ ಕುಡಿಸಲು ಆಗುತ್ತದೆ? ನಾನು ಎರಡು ಸಲ ಹೊರೆ ಹುಲ್ಲು ಒಯ್ದು ಬೇಲಿಯಾಚೆಯಿಂದ ಹಾಕಿದೆ. ಕುರುಬನ ಹೆಂಡತಿ ಅದನ್ನು ಹರಡುತ್ತಾ, ನಿಮ್ಮ ಮನೆಯೋರು ಒಬ್ರೇ ಸಾಮಿ ನಮ್ಮನ್ನ ಮನುಷ್ರು ಅಂದ್ಕೊಂಡಿರೋದು ಎಂದಳು. ಮೂರನೆಯ ಸಲ ಹೋಗಲು ನನ್ನಿಂದ ಆಗಲಿಲ್ಲ. ಮರಿಗಳು ಮೊದಲು ಸತ್ತವು, ಹಸಿವಿಗೆ. ತಮ್ಮ ಸತ್ತ ಮರಿಗಳ ರಕ್ತ ತೆಗೆದು ನೋಡಿದ. ಬಿದಿರಿನ ಗೆಣ್ಣು ಒಂದರಲ್ಲೂ ಇರಲಿಲ್ಲ. ರೋಗ ತಂದವಕ್ಕೇ ರೋಗ ಇಲ್ಲವಲ್ಲ ಅಂತ ಅವನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಮೇಲಧಿಕಾರಿಗಳು ವರದಿ ಕೇಳುತ್ತಿದ್ದರು. ಮಂದೆಯಿಂದ ಬಂದಿರುವ ಸಂಭವ ಹೆಚ್ಚು ಅಂತ ಬರೆದು ಕಳಿಸಿದ. ಅದನ್ನು ಅಂಚೆಗೆ ಹಾಕಿ ಬಂದವನು ನಾನು.

ನಲವತ್ತು ದಿನದ ಮೇಲೆ ಬಿಟ್ಟಾಗ ಮಂದೆ ಅರ್ಧ ಇತ್ತು. ಗಡಿಯ ಕಡೆಗೆ ಹೊಡೆದುಕೊಂಡು ಹೋದರು. ತಮ್ಮನಿಗೆ ಒಳ್ಳೆಯ ಹೆಸರು ಬಂದು ಮಾಲೂರಿಗೆ ವರ್ಗವಾಯಿತು. ದೊಡ್ಡ ಆಸ್ಪತ್ರೆ, ಕೈಕೆಳಗೆ ಇಬ್ಬರು. ಒಂದು ಸಲ ಅವನನ್ನು ನೋಡಲು ಮಾಲೂರಿಗೆ ಹೋಗಿದ್ದೆ. ಹೇಳಲೇಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವನ ಹೆಂಡತಿ ಹೋಳಿಗೆ ಮಾಡಿದ್ದಳು. ನಮ್ಮಣ್ಣ ಇಲ್ಲದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ ಅಂತ ಅವನು ಪಕ್ಕದ ಮನೆಯವರಿಗೆ ನನ್ನನ್ನು ತೋರಿಸಿದ. ತಿಂದು, ಎಲೆ ಅಡಿಕೆ ಹಾಕಿಕೊಂಡು, ಬಸ್ಸು ಹತ್ತಿ ವಾಪಸ್ಸು ಬಂದೆ. ಒಂದು ಸುಳ್ಳು ಹೇಳಿದವನಿಗೆ ಹೊರಗೆ ಬರಲು ಬಾಗಿಲು ಒಂದಾದರೂ ಇರುತ್ತದೆ. ನನ್ನದಕ್ಕೆ ಊರು, ವರದಿ, ತಮ್ಮನ ಮಾನ ಎಲ್ಲ ಸೇರಿ ಗೋಡೆ ಎದ್ದಿತ್ತು. ದಿನಾ ಒಂದೊಂದು ಕಲ್ಲು ನಾನೇ ಇಡುತ್ತಿದ್ದೆ.

ಮುಂದಿನ ಮುಂಗಾರಿಗೆ ಮತ್ತೆ ಸಾವು ಬಂತು. ಅದೇ ಹೊಲಗಳು. ಸೂಜಿ ಹಾಕಿಸದೆ ಬಚ್ಚಿಟ್ಟಿದ್ದ ಕುರಿಗಳು, ಹೊಸದಾಗಿ ತಂದ ಒಂದು ಹಸು. ಆ ವರ್ಷ ನಮ್ಮೂರಿಗೆ ಒಂದು ಕುರಿಯ ಮಂದೆಯೂ ಕಾಲಿಟ್ಟಿರಲಿಲ್ಲ. ತಮ್ಮ ಮಾಲೂರಿನಿಂದ ರಜೆ ಹಾಕಿ ಬಂದ. ಅವನ ಮುಖ ಇಳಿದುಹೋಗಿತ್ತು. ಬೆಳಗಾಗುತ್ತಲೇ ಪೆಟ್ಟಿಗೆ ತೆಗೆದುಕೋ ಎಂದ. ಕೆರೆಯ ಏರಿಯ ಮೇಲೆ ನಡೆಯುತ್ತಾ, ಯಾರಿಗೋ ಹೇಳುವ ಹಾಗೆ, "ಕುರಿ ಬರಲೇ ಇಲ್ಲ. ಮತ್ತೆ ಎಲ್ಲಿಂದ ಬಂತು? ಎಲ್ಲೋ ನಾನು ತಪ್ಪಿದೀನಿ ಅಣ್ಣ. ನಲವತ್ತು ದಿನ ಅವರನ್ನ ಸುಮ್ಮನೆ ಸಾಯಿಸಿದೆನೇನೋ" ಎಂದ.

ಅವನು ತಪ್ಪು ತನ್ನದು ಅಂದದ್ದನ್ನು ನನಗೆ ಹೊರಲು ಆಗಲಿಲ್ಲ. ಪೆಟ್ಟಿಗೆ ಕೆಳಗಿಟ್ಟೆ. ಕೋಡಿಯ ಕಡೆ ಕೈ ತೋರಿಸಿದೆ.

"ಹಸೂನ ಅಲ್ಲಿ ಹೂತಿದ್ದು ಕಣೋ. ಗುಡ್ಡದಲ್ಲಲ್ಲ. ಮೂರಡಿ. ನರಿ ಎಳೆದಿದ್ವು. ಆಮೇಲೆ ಆ ಗೋಡನ್ನೇ ಎಲ್ಲಾರೂ ಹೊಡೆದ್ರು."

ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವನು ಕೇಳಿದ್ದು ಇಷ್ಟೆ:

"ನಾನು ಕಾಗದ ಹಾಸ್ಕೊಂಡು ಕೇಳಿದ ದಿನ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆಮೇಲೆ ಅವನು ನನ್ನನ್ನು ಅಣ್ಣ ಅಂತ ಕರೆಯಲಿಲ್ಲ. ಜಾಗ ತೋರಿಸಿ ಎಂದ. ಬಹುವಚನದಲ್ಲಿ, ಊರಿನ ಯಾರೋ ಒಬ್ಬರಿಗೆ ಹೇಳುವಂತೆ. ನಾನು ತೋರಿಸಿದೆ. ಕೈಗೆ ಬಟ್ಟೆ ಸುತ್ತಿಕೊಂಡು ಮಣ್ಣು ತೆಗೆದ, ಬೇರೆ ಬೇರೆ ಆಳದ್ದು. ಗೋಡು ಹೊಡೆದ ಹೊಲಗಳಲ್ಲಿ ಜಾನುವಾರು ಸಾಯದ ಮೂಲೆಗಳಿಂದಲೂ ತೆಗೆದ. ಬೆಂಗಳೂರಿನಿಂದ ಉತ್ತರ ಬರಲು ಹಲವು ದಿನ ಹಿಡಿಯಿತು. ಎಲ್ಲದರಲ್ಲೂ ರೋಗ ಇತ್ತು. ಕೋಡಿಯಂಚಿನದರಲ್ಲಿ ಹೆಚ್ಚು.

ಅವನು ಮೇಲಧಿಕಾರಿಗಳಿಗೆ ಇನ್ನೊಂದು ವರದಿ ಬರೆದ. ಮೊದಲನೆಯದು ತಪ್ಪು, ರೋಗ ಮಂದೆಯಿಂದ ಬಂದದ್ದಲ್ಲ, ಸರಿಯಾಗಿ ಹೂಳದ ಒಂದು ಹಸುವಿನಿಂದ ಕೆರೆಯ ಮಣ್ಣಿಗೆ, ಮಣ್ಣಿನಿಂದ ಹೊಲಕ್ಕೆ ಬಂದದ್ದು ಅಂತ. ಹಸು ಯಾರದು ಅನ್ನುವುದನ್ನೂ ಬರೆದ. ಅದರಿಂದ ಅವನಿಗೆ ಒಳ್ಳೆಯದೇನೂ ಆಗಲಿಲ್ಲ. ಮಾಲೂರಿನಿಂದ ಎತ್ತಿ ಬೇರೆ ಕಡೆ ಹಾಕಿದರು, ಬಡ್ತಿ ತಪ್ಪಿತು.

ವರದಿ ಬರೆದ ವಾರವೇ ಊರವರನ್ನು ಮತ್ತೆ ಕಟ್ಟೆಯ ಬಳಿ ಸೇರಿಸಿದ. ಈ ಸಲ ನಾನೇ ಹೇಳಬೇಕು ಎಂದ. ಎದ್ದು ನಿಂತು ಹೇಳಿದೆ, ಕೇರಿಯ ಮುದುಕ ಬೇಡ ಅಂದಿದ್ದನ್ನೂ ಸೇರಿಸಿ. ಗಲಾಟೆ ಆಗುತ್ತದೆ, ಹೊಡೆಯುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ಕೋಪ ಮಾಡಿಕೊಳ್ಳಲಿಲ್ಲ. ತಮ್ಮ ಮುಂದಕ್ಕೆ ಹೇಳಿದ: ಆ ಹೊಲಗಳಲ್ಲಿ ಜಾನುವಾರು ಮೇಯಿಸಬಾರದು, ಕೋಡಿಯ ಕಡೆಯ ಗೋಡು ಇನ್ನು ಮುಟ್ಟಬಾರದು, ಬೇಲಿ ಹಾಕಬೇಕು, ಎಷ್ಟು ವರ್ಷ ಅಂತ ಹೇಳಲಾಗದು. ಆಗ ಮೇಲಿನ ಮನೆಯವನು ಎದ್ದ.

"ಗೋಡು ಬೇಡ ಅಂದ್ರೆ ಹೊಲಕ್ಕೆ ಏನಪ್ಪಾ ಹಾಕೋದು, ನಿನ್ನ ಗಾಜಿನ ಚೂರಾ? ಹೋದ್ ವರ್ಷ ಕುರಿ ಅಂದೆ. ಈ ವರ್ಷ ಮಣ್ಣು ಅಂತೀಯ. ನೀನು ತಪ್ಪಿದ್ದಕ್ಕೆ ಪಾಪ ನಿಮ್ಮಣ್ಣ ತಲೆ ಕೊಡ್ತವ್ನೆ. ಅವ್ನು ಅಂಥೋನೇ ಬಿಡು, ನಿನ್ನ ಓದ್ಸೋಕೆ ಇಸ್ಕೂಲು ಬಿಟ್ಟೋನು."

ಎಲ್ಲರೂ ಹೌದು ಹೌದು ಅಂದರು. ನಾನು ಇಲ್ಲ, ನಿಜವಾಗಿಯೂ ನಾನೇ ಅಂದೆ. ಅಂದಷ್ಟೂ ಅವರ ಮುಖದಲ್ಲಿ ಮರುಕ ಹೆಚ್ಚಾಯಿತು. ರೋಗ ಗಡಿಯಾಚೆಯಿಂದ ಬಂತು ಅಂದರೆ ಬೇಲಿ ಗಡಿಗೆ ಹಾಕಿದರೆ ಸಾಕು. ಕೆರೆಯಿಂದ ಬಂತು ಅಂದರೆ ತಮ್ಮ ಹೊಲಕ್ಕೆ ತಾವೇ ಬೇಲಿ ಹಾಕಿಕೊಳ್ಳಬೇಕು. ಸೂಜಿ ಹಾಕಿಸುವುದಕ್ಕೆ ಮಾತ್ರ ಒಪ್ಪಿದರು. ಮಂದೆ ಬರಕೂಡದು ಅಂತ ಹಾಕಿದ್ದ ಕಟ್ಟು ಹಾಗೇ ಉಳಿಯಿತು.

ಹೊರಡುವ ದಿನ ತಮ್ಮ ಸೈಕಲ್ಲಿಗೆ ಪೆಟ್ಟಿಗೆ ಬಿಗಿಯುತ್ತಾ, ನನ್ನ ಕಡೆ ತಿರುಗದೆ, "ನನಗೆ ಹೇಳಿದ್ದಾಯ್ತು, ಊರಿಗೆ ಹೇಳಿದ್ದಾಯ್ತು. ಅವರಿಗೆ ಯಾರು ಹೇಳ್ತಾರೆ?" ಎಂದ.

ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗಿ, ಅಲ್ಲಿಂದ ಗಡಿಯ ಕಡೆಗೆ ನಡೆದೆ. ಹೆಸರು ಕೇಳಿಕೊಂಡು ಕೇಳಿಕೊಂಡು ಎರಡನೆಯ ದಿನ ಅವರ ಹಟ್ಟಿ ಸಿಕ್ಕಿತು. ಕುರುಬ ಇರಲಿಲ್ಲ. ಉಳಿದ ಕುರಿಗಳನ್ನು ಮಾರಿ, ಚಿನ್ನದ ಗಣಿಗೆ ಕೂಲಿಗೆ ಹೋಗಿದ್ದ. ಅವನ ಹೆಂಡತಿ ಎಂಟು ಕುರಿ ಇಟ್ಟುಕೊಂಡು ಬಂಡೆಯ ನೆರಳಿನಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ನನ್ನ ಗುರುತು ಹಿಡಿದು, ಹುಲ್ಲು ತಂದು ಹಾಕಿದ ಸಾಮಿ ಅಲ್ಲವಾ ಅಂತ ಎದ್ದು ನಿಂತಳು. ಕೂತುಕೊಳ್ಳಮ್ಮ ಅಂತ ಎಲ್ಲವನ್ನೂ ಹೇಳಿದೆ. ಹಸು, ಗುಂಡಿ, ಗೋಡು, ತಮ್ಮ ಕೇಳಿದ್ದು, ನಾನು ಇಲ್ಲ ಅಂದದ್ದು. ಅವಳ ಕೈ ಉಣ್ಣೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ನಮ್ ಕುರಿಗಳಿಂದ ಅಲ್ಲ."

"ಅಲ್ಲಮ್ಮ."

"ನಿಮ್ಮೂರೋರ್ಗೆ ಗೊತ್ತಾ?"

"ಹೇಳ್ದೆ. ನಂಬಲಿಲ್ಲ."

"ಹಂಗಾದ್ರೆ ಬರೋ ಬ್ಯಾಸಗೆಗೆ ಈ ಎಂಟು ಕುರೀನ ನಿಮ್ ಕೆರೆ ಮ್ಯಾಲೆ ಹೊಡ್ಕಂಡು ಬಂದ್ರೆ ನೀರಿಗೆ ಬಿಡ್ತಾರಾ?"

ಬಿಡುವುದಿಲ್ಲ ಅಂತ ನನಗೆ ಗೊತ್ತಿತ್ತು. ತಲೆ ಅಲ್ಲಾಡಿಸಿದೆ.

"ಮತ್ತೆ ಯಾಕಪ್ಪಾ ಇಷ್ಟ್ ದೂರ ಬಂದೆ?" ಎಂದಳು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಆಮೇಲೆ ಕೋಲು ತೆಗೆದುಕೊಂಡು, ದೂರ ಹೋಗಿದ್ದ ಕುರಿಗಳನ್ನು ತಿರುಗಿಸಲು ಎದ್ದು ಹೋದಳು.

ಆಮೇಲೆ ಎಷ್ಟೋ ಬೇಸಿಗೆ ಬಂದವು. ಪ್ರತಿ ಸಲ ಕೆರೆಯ ಮಾತಿಗೆ ಊರು ಸೇರಿದಾಗ, ಮಂದೆಗೆ ಹಾಕಿದ ಕಟ್ಟು ತೆಗೆಯಬೇಕು, ಅವರದು ತಪ್ಪಿಲ್ಲ, ತಪ್ಪು ನನ್ನದು ಅಂತ ಹೇಳಲು ಎದ್ದು ನಿಲ್ಲುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ, ಗೊತ್ತು ಕೂತ್ಕೋಪ್ಪಾ, ಎಷ್ಟು ಸಲ ಹೇಳ್ತೀಯ ಅನ್ನುತ್ತಿದ್ದರು. ಕೂತುಕೊಳ್ಳುತ್ತಿದ್ದೆ.